ನೆಲಮಟ್ಟದ ಚಕ್ರ

ಆ ರ‍್ಯಾಂಪ್ ಕಟ್ಟಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸ್ವಲ್ಪ ಸುಲಭವಾಗುತ್ತದೆ.

ನಾನಾಗ ಶಿಕಾರಿಪುರದಲ್ಲಿ ಜೂನಿಯರ್ ಇಂಜಿನಿಯರ್. ಶಾಲೆ ಕೊಠಡಿ, ಅಂಗನವಾಡಿ, ಚರಂಡಿ, ಕಾಂಪೌಂಡು, ಇವುಗಳ ನಡುವೆಯೇ ನನ್ನ ದಿನಗಳು ಕಳೆಯುತ್ತಿದ್ದವು. ಸೊರಬದಲ್ಲಿ ಒಂದು ಹುದ್ದೆ ಖಾಲಿ ಇದ್ದುದರಿಂದ ಆ ಕಡೆಯ ಒಂದಷ್ಟು ಊರುಗಳನ್ನೂ ನನಗೇ ವಹಿಸಿದ್ದರು. ವಾರದಲ್ಲಿ ಎರಡು ದಿನ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಯಾರದಾದರೂ ಬೈಕು ಹತ್ತಿ ಕೆಲಸ ನೋಡಿಕೊಂಡು ಸಂಜೆ ವಾಪಸು ಬರುತ್ತಿದ್ದೆ.

ಹೊಸಬಾಳೆಯಿಂದ ಇನ್ನೂ ಸ್ವಲ್ಪ ಮುಂದೆ ಒಂದು ಊರಿದೆ. ಅಲ್ಲಿಯ ಸರ್ಕಾರಿ ಶಾಲೆಗೆ, ನಾನು ಹೇಳುತ್ತಿರುವ ಕಾಲಕ್ಕೆ ಮೂರು ವರ್ಷ ಮೊದಲು, ಎರಡು ಹೊಸ ಕೊಠಡಿ ಕಟ್ಟಿಸಿದ್ದೆ. ಎಲ್ಲ ಶಾಲೆಗೂ ರ‍್ಯಾಂಪ್ ಇರಲೇಬೇಕು ಎಂಬ ಆದೇಶವಿತ್ತು. ಜಗಲಿ ನೆಲದಿಂದ ಎರಡಡಿ ಎತ್ತರ. ಅಷ್ಟು ಎತ್ತರಕ್ಕೆ ಗಾಲಿಕುರ್ಚಿ ಸಲೀಸಾಗಿ ಏರಬೇಕಾದರೆ ಇಪ್ಪತ್ನಾಲ್ಕು ಅಡಿ ಉದ್ದದ ಇಳಿಜಾರು ಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದರೆ ಆರು ಅಡಿಗೆ ಧ್ವಜಕಟ್ಟೆ ಅಡ್ಡ ಬಂತು. ಅದನ್ನು ಸುತ್ತಿ ತಿರುಗಿಸಬೇಕೆಂದರೆ ಹೊಸ ನಕ್ಷೆ, ಹೊಸ ಮಂಜೂರಾತಿ ಆಗಬೇಕಿತ್ತು. ಲೆಕ್ಕ ಮುಗಿಸುವ ಮಾರ್ಚ್ ತಿಂಗಳು ಬೇರೆ. ಆರು ಅಡಿಗೇ ನಿಲ್ಲಿಸಿ ಅಳತೆ ಪುಸ್ತಕದಲ್ಲಿ ‘ರ‍್ಯಾಂಪ್, ಒಂದು’ ಎಂದು ಬರೆದು ಸಹಿ ಹಾಕಿದೆ. ಫೋಟೋದಲ್ಲಿ ಅದು ಚೆಂದವಾಗಿಯೇ ಬಂದಿತ್ತು.

ಆಮೇಲೆ ಆ ಶಾಲೆಗೆ ಹೋಗಿದ್ದು ಆಟದ ಮೈದಾನ ಸಮತಟ್ಟು ಮಾಡುವ ಕೆಲಸಕ್ಕಾಗಿ. ಪಂಚಾಯ್ತಿಯವರು ಮೈದಾನ ಮಾಡಿಕೊಡುವುದು, ಊರಿನ ಹಳೆ ವಿದ್ಯಾರ್ಥಿಗಳು ಆಗಲೇ ಇದ್ದ ಜಾರುಬಂಡಿಯ ಜೊತೆಗೆ ಜೋಕಾಲಿ ಮೊದಲಾದವನ್ನು ಕೊಡಿಸುವುದು ಎಂದು ಮಾತಾಗಿತ್ತು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ತಲುಪಿದ್ದೆ. ಟೇಪು ಬಿಚ್ಚುತ್ತ ನಿಂತಿದ್ದಾಗ ಗೇಟಿನಿಂದ ಒಬ್ಬ ಅಜ್ಜಿ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಕುರ್ಚಿಯಲ್ಲಿ ಒಂಬತ್ತು ವರ್ಷದ ಹುಡುಗಿ. ಎರಡು ಜಡೆ, ತೊಡೆಯ ಮೇಲೆ ಬ್ಯಾಗು. ಸೆಟೆದ ಕಾಲುಗಳು ಪಾದದ ಹತ್ತಿರ ಒಂದರ ಮೇಲೊಂದು ಬಿದ್ದಿದ್ದವು.

ರ‍್ಯಾಂಪಿನ ಹತ್ತಿರ ಬಂದಾಗ ಅಜ್ಜಿ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿದರು. ತಾವು ಮೇಲೆ ನಿಂತು ಕುರ್ಚಿಯನ್ನು ತಮ್ಮ ಕಡೆಗೆ ಎಳೆಯತೊಡಗಿದರು. ಒಂದು ಹೆಜ್ಜೆ ಎಳೆದು ಗಾಲಿಗೆ ಕಾಲು ಅಡ್ಡ ಇಡುವುದು, ಉಸಿರು ತೆಗೆದುಕೊಂಡು ಇನ್ನೊಂದು ಹೆಜ್ಜೆ ಎಳೆಯುವುದು. ಅರ್ಧಕ್ಕೆ ಬಂದಾಗ ಕುರ್ಚಿ ಜಾರಿತು. ನಾನು ಓಡಿಹೋಗಿ ಕೆಳಗಿನಿಂದ ಹಿಡಿದೆ. ಇಬ್ಬರೂ ಸೇರಿ ಮೇಲೇರಿಸಿದೆವು.

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ದೇವ್ರು ಬಂದಂಗೆ ಬಂದ್ರಿ ನೋಡಿ ತಾಯಿ.”

“ದಿನಾ ಹೀಗೇನಾ ಅಜ್ಜಿ?”

“ದಿನಾನೂ ಹಿಂಗೇಯ. ಆದ್ರೂ ಯಾರೋ ಪುಣ್ಯಾತ್ಮರು ಇದನ್ನಾರ ಕಟ್ಸ್ಯಾರೆ. ಇಲ್ದಿದ್ರೆ ಮೆಟ್ಲು ಮ್ಯಾಲೆ ಹೊತ್ಕಂಡೇ ಹೋಗ್ಬೇಕಿತ್ತು.”

ಅಜ್ಜಿ ಹೋದ ಮೇಲೆ, ಎಲ್ಲವೂ ಗೊತ್ತಿದ್ದೂ, ಆ ರ‍್ಯಾಂಪಿಗೆ ಟೇಪು ಹಿಡಿದು ಅಳೆದೆ. ಆರು ಅಡಿಗೆ ಎರಡು ಅಂಗುಲ ಕಡಿಮೆಯೇ ಇತ್ತು.

ಹನ್ನೊಂದು ಗಂಟೆಗೆ ಬಿಡುವಿನ ಗಂಟೆ ಹೊಡೆಯಿತು. ಮಕ್ಕಳೆಲ್ಲ ಹೊರಗೆ ನುಗ್ಗಿದರು. ಆ ಹುಡುಗಿಯನ್ನು ಯಾರೋ ಜಗಲಿಯ ಅಂಚಿಗೆ ತಂದು ನಿಲ್ಲಿಸಿ ಓಡಿಹೋದರು. ಅಲ್ಲಿಂದಲೇ ಅವಳ ದರ್ಬಾರು ಶುರುವಾಯಿತು. ಕುಂಟೆಬಿಲ್ಲೆಯಲ್ಲಿ ಯಾರ ಕಾಲು ಗೆರೆ ಮುಟ್ಟಿತು, ಲಗೋರಿಯಲ್ಲಿ ಚೆಂಡು ಯಾರ ಬೆನ್ನಿಗೆ ತಾಗಿತು, ಯಾರು ಸುಳ್ಳು ಹೇಳುತ್ತಿದ್ದಾರೆ, ಎಲ್ಲ ಅವಳದೇ ತೀರ್ಪು. ಮಾತು ಕೊಂಚ ಎಳೆದೆಳೆದು ಬರುತ್ತಿತ್ತು, ಆದರೆ ದನಿ ಗೇಟಿನ ತನಕ ಕೇಳುತ್ತಿತ್ತು.

“ಅವಳು ನಮ್ಮ ಅಂಪೈರು,” ಎಂದರು ಮುಖ್ಯ ಶಿಕ್ಷಕಿ, ಮಕ್ಕಳು ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. “ಅವಳು ಹೇಳಿದ್ ಮೇಲೆ ಮುಗೀತು, ಯಾರೂ ಎದುರು ಮಾತಾಡೋ ಹಂಗಿಲ್ಲ.”

ನಾನು ಹುಡುಗಿಯ ಪಕ್ಕ ಹೋಗಿ ಕೂತೆ. “ಅಂಪೈರ್ ಆಗೋದು ಅಂದ್ರೆ ನಿಂಗೆ ಇಷ್ಟನಾ?” ಎಂದು ಕೇಳಿದೆ.

ಅವಳು ಆಟದಿಂದ ಕಣ್ಣು ಕೀಳಲಿಲ್ಲ. “ಅಂಪೈರ್ ಔಟ್ ಆಗಾದೇ ಇಲ್ಲ ಮೇಡಂ,” ಅಂದಳು.

“ಒಳ್ಳೇದೇ ಅಲ್ವಾ?”

“ಎಂತ ಒಳ್ಳೇದು? ಎಲ್ರೂ ಔಟ್ ಆಗ್ತಾರೆ. ನಂಗೂ ಒಂದ್ಸಲ ಔಟ್ ಆಗ್ಬೇಕು.”

ಆ ದಿನ ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ಹೊರಗೆ ಏನನ್ನೂ ನೋಡಿದ ನೆನಪಿಲ್ಲ.

ರ‍್ಯಾಂಪನ್ನು ಮೊದಲು ಸರಿಮಾಡಿಸಿದೆ. ಅದಕ್ಕೆ ಬೇಕಾದ ಕಾಗದಪತ್ರದಲ್ಲಿ ‘ಹಿಂದಿನ ಕಾಮಗಾರಿಯ ದೋಷ’ ಎಂದು ನಾನೇ ಬರೆದೆ. ನನ್ನ ಮೇಲಿನ ಅಧಿಕಾರಿ ಅದನ್ನು ಓದಿ, “ದೋಷ ಅಂತ ಯಾಕೆ ಬರೀತೀರಿ, ವಿಸ್ತರಣೆ ಅಂತ ಬರೀರಿ,” ಎಂದು ತಿದ್ದಿಸಿದರು. ಧ್ವಜಕಟ್ಟೆ ಸುತ್ತಿ ಇಳಿಜಾರು ಹೋಯಿತು, ನಡುವೆ ಕುರ್ಚಿ ನಿಂತು ಸುಧಾರಿಸಿಕೊಳ್ಳಲು ಒಂದು ಸಮತಟ್ಟು ಜಾಗವೂ ಆಯಿತು. ಅಜ್ಜಿಗೆ ಸತ್ಯ ಹೇಳುವುದು ಮಾತ್ರ ಬಾಕಿ ಉಳಿಯಿತು. ಪ್ರತಿ ಸಲ ಮುಂದಿನ ಸಲ ಹೇಳೋಣ ಎಂದುಕೊಳ್ಳುತ್ತಿದ್ದೆ.

ಮೈದಾನದ ವಿಷಯದಲ್ಲಿ ನನಗೆ ಹುಮ್ಮಸ್ಸು ಬಂದಿತ್ತು. ಗಾಲಿಕುರ್ಚಿ ಸಮೇತ ಕೂರುವ ಜೋಕಾಲಿಯ ಚಿತ್ರಗಳನ್ನು ಮೊಬೈಲಿನಲ್ಲಿ ಹುಡುಕಿದೆ. ಒಂದು ಕಬ್ಬಿಣದ ತಟ್ಟೆ, ಸುತ್ತ ಕಂಬಿ, ಎದುರಿಗೆ ಸಣ್ಣ ಬಾಗಿಲು. ಕುರ್ಚಿಯನ್ನು ಒಳಗೆ ತಳ್ಳಿ ಚಿಲಕ ಹಾಕಿ ತೂಗುವುದು. ಅಳತೆ ಹಾಕಿ ನಕ್ಷೆ ಬರೆದು ಶಿಕಾರಿಪುರದಲ್ಲಿ ಎಪಿಎಂಸಿ ಕಡೆಯ ಒಂದು ವೆಲ್ಡಿಂಗ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯ ಯಜಮಾನರು ಟ್ರ್ಯಾಕ್ಟರ್ ಟ್ರೇಲರ್ ಮಾಡುವುದರಲ್ಲಿ ಪಳಗಿದವರು. ಐವತ್ತೈದರ ಆಸುಪಾಸು. ಮಾತು ಕಡಿಮೆ, ಆಡಿದ್ದು ಖಡಕ್ಕು.

ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ ಅವರು ಕೇಳಿದರು, “ಯಾವ ಪ್ರಾಣಿಗ್ರೀ ಮೇಡಂ ಇದು?”

“ಪ್ರಾಣಿಗಲ್ಲ, ಒಂದು ಹುಡುಗಿಗೆ,” ಎಂದು ವಿವರಿಸಿದೆ.

“ನನ್ನ ಕಣ್ಣಿಗೆ ಪಂಜರ ಕಂಡಂಗೆ ಕಾಣ್ತೈತ್ರೀ.”

“ಸುರಕ್ಷತೆಗೆ ಬೇಕಾಗ್ತದೆ. ಹೀಗೇ ಮಾಡಿಕೊಡಿ.”

ನಾನು ಹೇಳಿದ ಹಾಗೇ ಮಾಡಿಕೊಟ್ಟರು. ಹಳದಿ ಬಣ್ಣ ಹೊಡೆಸಿ ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಹೋಗಿ ಮೈದಾನದ ನಡುವೆ ನಿಲ್ಲಿಸಿದೆವು. ಕೆಳಗೆ ಯಾರೂ ಬಿದ್ದು ಪೆಟ್ಟು ಮಾಡಿಕೊಳ್ಳಬಾರದೆಂದು ಒಂದು ಲೋಡು ಮರಳನ್ನೂ ಹರಡಿಸಿದೆ.

ಹುಡುಗಿಯ ಕುರ್ಚಿ ಆ ಮರಳಿನ ಅಂಚಿಗೇ ಹೂತು ನಿಂತಿತು. ಮುಂದಿನ ಸಣ್ಣ ಗಾಲಿಗಳು ಪೂರ್ತಿ ಮುಳುಗಿದವು. ನನ್ನ ನಕ್ಷೆಯಲ್ಲಿ ಕುರ್ಚಿಗೆ ಜಾಗವಿತ್ತು, ಕುರ್ಚಿ ಅಲ್ಲಿಯವರೆಗೆ ಹೇಗೆ ಬರುತ್ತದೆ ಎಂಬುದೇ ಇರಲಿಲ್ಲ. ಕೊನೆಗೆ ನಾಲ್ಕು ಜನ ಎತ್ತಿಕೊಂಡು ಹೋಗಿ ಜೋಕಾಲಿಯೊಳಗೆ ಇಟ್ಟರು. ಚಿಲಕ ಹಾಕಿದೆವು. ದೊಡ್ಡ ಮೇಡಂ ಮೆಲ್ಲಗೆ ತೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಮೊಬೈಲುಗಳು ಹೊರಗೆ ಬಂದವು. ಮಕ್ಕಳು ಸುತ್ತಲೂ ವೃತ್ತವಾಗಿ ಕೈಕಟ್ಟಿ ನಿಂತಿದ್ದರು. ಮೇಷ್ಟರೊಬ್ಬರು ಹಾಗೆ ನಿಲ್ಲಿಸಿದ್ದರು. ಹುಡುಗಿ ಒಂದಷ್ಟು ಸಲ ಹಿಂದಕ್ಕೂ ಮುಂದಕ್ಕೂ ಹೋದಳು. ಮುಖದಲ್ಲಿ ನಗುವಿರಲಿಲ್ಲ.

“ಸಾಕು. ಇಳಿಸಿ,” ಅಂದಳು.

ಆಮೇಲೆ ನಾವಿಬ್ಬರೇ ಇದ್ದಾಗ ಕೇಳಿದೆ, ಯಾಕೆ ಹಿಡಿಸಲಿಲ್ಲವೆಂದು. ಅವಳು ಹೇಳಿದಳು, “ಎಲ್ರೂ ನನ್ನೇ ನೋಡ್ತಾ ಇದ್ರು. ಆಟದಾಗೆ ಯಾರೂ ಹಂಗೆ ನೋಡ್ತಾ ನಿಂತ್ಕಳಲ್ಲ ಮೇಡಂ. ಅವ್ರೂ ಆಡ್ತಾ ಇರ್ತಾರೆ.”

ಅಷ್ಟರಲ್ಲಿ ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹೋಗಿತ್ತು. ‘ಮಾದರಿ ಕೆಲಸ’, ‘ಅಭಿನಂದನೆಗಳು ಮೇಡಂ’ ಎಂದು ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬರುತ್ತಿದ್ದವು. ಮೊಬೈಲನ್ನು ಬ್ಯಾಗಿಗೆ ಹಾಕಿದೆ. ಶಿಕಾರಿಪುರಕ್ಕೆ ಬಂದವಳು ನೇರ ವೆಲ್ಡಿಂಗ್ ಅಂಗಡಿಗೆ ಹೋಗಿ, “ನೀವು ಹೇಳಿದ್ದೇ ಸರಿ. ಪಂಜರವೇ ಆಗಿತ್ತು,” ಎಂದೆ. ಯಜಮಾನರು ಗೆದ್ದವರ ಹಾಗೆ ಬೀಗಲಿಲ್ಲ. ಸ್ಟೂಲು ಸರಿಸಿ, “ಕೂಡ್ರಿ, ಚಾ ತರಸ್ತೀನಿ,” ಎಂದರು.

ಮುಂದಿನ ವಾರ ನಕ್ಷೆ ತೆಗೆದುಕೊಂಡು ಹೋಗಲಿಲ್ಲ. ದೊಡ್ಡ ಮೇಡಂ ಹತ್ತಿರ ಒಂದು ಪಿರಿಯಡ್ಡು ಕೇಳಿ ಪಡೆದು, ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿ, ಕೈಗೊಂದು ಚಾಕ್‌ಪೀಸ್ ಕೊಟ್ಟು, ಬೇಕಾದ ಆಟ ಬರೆಯಿರಿ ಎಂದೆ. ನೆಲ ತುಂಬ ಆನೆ, ರೈಲು, ಈಜುಕೊಳ ಬಂದವು. ಹುಡುಗಿಯನ್ನು ಕುರ್ಚಿಯಿಂದ ಇಳಿಸಿ ನೆಲದ ಮೇಲೆ ಕೂರಿಸಿದ್ದೆವು. ಅವಳ ಕೈ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹಟ ಹಿಡಿದು ಒಂದು ಸೊಟ್ಟ ವೃತ್ತ ಬರೆದಳು. ಅದರೊಳಗೆ ಸಣ್ಣ ಸಣ್ಣ ಗೀಟು.

“ಇದು ತಿರುಗಾದು,” ಅಂದಳು. “ಗೀಟೆಲ್ಲ ನಾವು.”

“ಇದರಲ್ಲಿ ನೀನು ಯಾವುದು?”

ನನ್ನನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದಳು. “ಯಾವ್ದಾದ್ರೂ ಒಂದು.”

ಅಂದೇ ಇನ್ನೊಂದು ನಡೆಯಿತು. ಮರಳನ್ನು ಇನ್ನೂ ತೆಗೆಸಿರಲಿಲ್ಲ. ಬಿಡುವಿನಲ್ಲಿ ಮಕ್ಕಳು ಅವಳ ಕುರ್ಚಿಗೆ ಹಗ್ಗ ಕಟ್ಟಿ, ನಾಲ್ಕು ಜನ ಎತ್ತುಗಳಾಗಿ, ಬೇಕೆಂತಲೇ ಮರಳಿಗೆ ಇಳಿಸಿ ಎಳೆಯತೊಡಗಿದರು. ಅವಳು ಹಗ್ಗ ಹಿಡಿದು “ಹೋ, ಹೋ, ಬಾ ಬಾ” ಎಂದು ಗದ್ದೆಯಲ್ಲಿ ಗಾಡಿ ಹೂತುಹೋದ ಗಾಡಿಯವನ ಹಾಗೆ ಕೂಗುತ್ತ, ಮಧ್ಯೆ ಮಧ್ಯೆ ನಗುತ್ತ, ಜೊಲ್ಲು ಸುರಿಸುತ್ತ ಕೂತಿದ್ದಳು. ನಾನು ಬಣ್ಣ ಹೊಡೆಸಿ ತಂದ ಜೋಕಾಲಿಯನ್ನು ಯಾರೂ ತಿರುಗಿಯೂ ನೋಡಲಿಲ್ಲ. ನಾನು ಅದುವರೆಗೆ ಮಾಡಿದ್ದರಲ್ಲಿ ಅವಳಿಗೆ ಒದಗಿದ್ದು ನನ್ನ ತಪ್ಪಿನ ಮರಳು ಮಾತ್ರ.

ಮರಳನ್ನು ಒಂದು ಮೂಲೆಗೆ ತೆಗೆಸಿ, ಸೊಂಟದೆತ್ತರದ ಕಟ್ಟೆಯಲ್ಲಿ ತುಂಬಿಸಿದೆವು. ಕಟ್ಟೆಯ ಅಡಿಯಲ್ಲಿ ಪೊಳ್ಳು ಬಿಟ್ಟಿದ್ದರಿಂದ ಕುರ್ಚಿ ಅದರ ಕೆಳಗೆ ನುಗ್ಗಿ, ಕೂತವಳ ಎರಡೂ ಕೈ ಮರಳಿಗೆ ಸಿಗುತ್ತಿದ್ದವು. ಉಳಿದ ನೆಲಕ್ಕೆ ಕೆಂಪು ಮೊರಂ ಮಣ್ಣು ಹಾಕಿ, ನೀರು ಹೊಡೆದು, ರೋಲರ್ ಓಡಿಸಿ ಗಟ್ಟಿ ಮಾಡಿಸಿದೆ. ಅಷ್ಟು ಭಾಗ ಸುಲಭವಾಗಿ ಮುಗಿಯಿತು.

ಅವಳು ಬರೆದು ತೋರಿಸಿದ ಚಕ್ರ ಸುಲಭವಾಗಿರಲಿಲ್ಲ. ಪೇಟೆಯ ಪಾರ್ಕುಗಳಲ್ಲಿ ಇರುವ ತಿರುಗುವ ಚಕ್ರ ನೆಲದಿಂದ ಒಂದಡಿ ಮೇಲಿರುತ್ತದೆ. ಕುರ್ಚಿ ಅದಕ್ಕೆ ಏರಬೇಕಾದರೆ ಮತ್ತೊಂದು ರ‍್ಯಾಂಪ್ ಬೇಕು, ಚಕ್ರ ತಿರುಗಿದ ಮೇಲೆ ಆ ರ‍್ಯಾಂಪ್ ಎಲ್ಲಿರಬೇಕು? ವೆಲ್ಡಿಂಗ್ ಯಜಮಾನರು ನಾನು ತೆಗೆದಿದ್ದ ಆ ಸೊಟ್ಟ ವೃತ್ತದ ಫೋಟೋವನ್ನು ಬಹಳ ಹೊತ್ತು ನೋಡಿದರು.

“ನಾವು ಹುಡುಗೀನ ಮ್ಯಾಲೆ ಹತ್ತಸೋದ್ ಯಾಕ್ರೀ? ಚಕ್ರಾನ ಕೆಳಗ ಇಳಸೋಣು,” ಎಂದರು.

ಗುಂಡಿ ತೋಡಿ ಚಕ್ರವನ್ನು ಅದರೊಳಗೆ ಕೂರಿಸುವುದು. ಮೇಲಿನ ತಟ್ಟೆ ನೆಲಕ್ಕೆ ಸಮನಾಗಿರುವುದು. ಕುರ್ಚಿಯವಳೂ ನಡೆಯುವವರೂ ಒಂದೇ ರೀತಿ ಅದರ ಮೇಲೆ ಹೋಗುವುದು. ತಿರುಗಣೆಗೆ, ಗಾಲಿ ಕೂತು ತಿರುಗುವ ಹಳೇ ಟ್ರೇಲರಿನ ಅಚ್ಚಿನ ಹಬ್ಬು ಅವರಲ್ಲೇ ಇತ್ತು. “ಕಬ್ಬಿನ ಲೋಡ್ ತಡದೈತ್ರೀ ಇದು, ಹುಡುಗ್ರನ್ನ ತಡೆಯಂಗಿಲ್ಲೇನು?” ಎಂದರು.

ಆದರೆ ಹುಡುಗಿಯ ಕುರ್ಚಿಯ ಅಳತೆ ನಾನು ಹೇಳಿದರೆ ಅವರಿಗೆ ಸಾಲದು. ಖುದ್ದಾಗಿ ನೋಡಬೇಕು. ಹಾಗಾಗಿ ಒಂದು ಶನಿವಾರ ಅಜ್ಜಿ ಮತ್ತು ಹುಡುಗಿ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದರು. ತಾಯಿ ಶುಂಠಿ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು, ಹುಡುಗಿಯನ್ನು ಕರೆದುಕೊಂಡು ತಿರುಗುವುದು ಏನಿದ್ದರೂ ಅಜ್ಜಿಯದೇ. ಕಂಡಕ್ಟರು ಮಡಚಿದ ಕುರ್ಚಿಯನ್ನು ಕೆಳಗಿಳಿಸಿದ ಮೇಲೆ ಅಜ್ಜಿ ಹುಡುಗಿಯನ್ನು ಬೆನ್ನ ಮೇಲೆ ಹೊತ್ತು ಇಳಿದರು.

ಅಂಗಡಿಯಲ್ಲಿ ಯಜಮಾನರು ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಾಲಿ, ಹಿಡಿಕೆ, ಪಾದದ ಹಲಗೆ ಎಲ್ಲ ಅಳೆದರು. ನಂತರ ಗಂಭೀರವಾಗಿ ಕೇಳಿದರು, “ಏನವಾ, ಎಷ್ಟು ಜೋರ್ ತಿರುಗಬೇಕು?”

“ತಲೆ ಸುತ್ತಿ ಬರಷ್ಟು.”

“ಅಷ್ಟು ಬ್ಯಾಡ. ಅಜ್ಜಿ ನನ್ನ ಹೊಡೀತಾರ.”

“ಅಜ್ಜಿಗೆ ಹೇಳದ್ ಬ್ಯಾಡ,” ಅಂದಳು, ಅಜ್ಜಿ ಪಕ್ಕದಲ್ಲೇ ನಿಂತಿರುವಾಗ.

ಅವಳನ್ನು ಅಲ್ಲೇ ಬಿಟ್ಟು ನಾನೂ ಅಜ್ಜಿಯೂ ಪಕ್ಕದ ಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ತೆಗೆದುಕೊಂಡು ಬೆಂಚಿನ ಮೇಲೆ ಕೂತೆವು. ಇನ್ನು ತಳ್ಳಿಹಾಕುವುದು ಬೇಡ ಎನಿಸಿತು.

“ಅಜ್ಜಿ, ಶಾಲೆ ಹಳೇ ರ‍್ಯಾಂಪ್ ಇತ್ತಲ್ಲ, ಜಾರ್ತಿತ್ತಲ್ಲ, ಅದನ್ನ ಕಟ್ಸಿದ್ದು ನಾನೇ. ಅದು ತಪ್ಪು ಅಂತ ಗೊತ್ತಿದ್ದೂ ಕಟ್ಸಿದ್ದೆ.”

ಅಜ್ಜಿ ಮಿರ್ಚಿ ಕಚ್ಚುವುದನ್ನು ನಿಲ್ಲಿಸಿದರು. ಎದುರಿಗೆ ಜೋಳದ ಚೀಲ ತುಂಬಿದ ಗಾಡಿ ಮಾರ್ಕೆಟ್ಟಿನ ಕಡೆ ತಿರುಗುತ್ತಿತ್ತು, ಅದನ್ನೇ ನೋಡುತ್ತ ಕೂತರು. ಆಮೇಲೆ ಕೆಳತುಟಿ ಎಳೆದು ತೋರಿಸಿದರು. ಮುಂದಿನ ಒಂದು ಹಲ್ಲು ಇರಲಿಲ್ಲ.

“ಇದು ಅಲ್ಲೇ ಹೋಗಿದ್ದು. ಮೊದಲ್ನೇ ಮಳೆಗಾಲ. ಪಾಚಿ ಕಟ್ಟಿತ್ತು. ನಾ ಬಿದ್ರೂ ಕುರ್ಚಿ ಬಿಡ್ಲಿಲ್ಲ.”

ತಪ್ಪಾಯ್ತು ಎಂದು ಹೇಳಿದೆನೋ, ಹೇಳಬೇಕೆಂದುಕೊಂಡೆನೋ ಈಗ ನೆನಪಿಲ್ಲ.

“ಮೂರು ವರ್ಷ ನನ್ ಸೊಂಟ ಬಿದ್ದೋತು ತಾಯಿ,” ಎಂದರು ಅಜ್ಜಿ. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ಆಮೇಲೆ ಕಾಗದದಲ್ಲಿದ್ದ ಉಳಿದ ಮಿರ್ಚಿಯನ್ನು ನನ್ನ ಕಡೆ ನೂಕಿದರು. “ತಿನ್ನಿ, ಆರಿ ಹೋಗ್ತದೆ.”

ಕ್ಷಮಿಸಿದೆ ಎಂದು ಅವರು ಯಾವತ್ತೂ ಹೇಳಲಿಲ್ಲ. ಆದರೆ ಆ ದಿನದಿಂದ ‘ತಾಯಿ’ ಹೋಗಿ ‘ಏ ಮಗಾ’ ಆಯಿತು. ಕೆಲಸ ನಡೆಯುವಾಗ ಬಂದು ನಿಂತು, ಇದು ಎತ್ತರ ಆಯ್ತು, ಅಲ್ಲಿ ಅಂಚು ಎದ್ದಿದೆ ಎಂದು ನೇರವಾಗಿ ಹೇಳತೊಡಗಿದರು. ಅವರಿಗಿಂತ ಚುರುಕಾದ ತಪಾಸಣಾಧಿಕಾರಿಯನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ.

ಗುಂಡಿ ತೋಡಿದ್ದು ಮೇ ತಿಂಗಳಲ್ಲಿ. ಜೂನಿನಲ್ಲಿ ಮೊದಲ ದೊಡ್ಡ ಮಳೆಗೆ ಅದು ತುಂಬಿ ಕೆರೆಯಾಯಿತು. ಹೋಗಿ ನೋಡಿದರೆ ಮಕ್ಕಳು ಅದರಲ್ಲಿ ಕಾಗದದ ದೋಣಿ ಬಿಟ್ಟಿದ್ದರು, ಕಪ್ಪೆಗಳು ಸಂಸಾರ ಹೂಡಿದ್ದವು. ಗುಂಡಿಯ ತಳದಿಂದ ಪೈಪು ಹಾಕಿ, ಹಿಂದಿನ ಇಳಿಜಾರಿನಲ್ಲಿದ್ದ ಶಾಲೆಯ ಕೈತೋಟಕ್ಕೆ ನೀರು ಬಿಟ್ಟೆವು. ಆ ವರ್ಷ ಬಿಸಿಯೂಟಕ್ಕೆ ಬಸಳೆ ಸಾಕುಸಾಕಾಯಿತು ಎಂದು ದೊಡ್ಡ ಮೇಡಂ ದೂರಿದರು.

ಮಳೆ ಹಿಂತೆಗೆದ ಮೇಲೆ ಚಕ್ರ ಕೂರಿಸಿದೆವು. ಎಂಟು ಅಡಿ ಅಗಲದ ಉಬ್ಬುಗೆರೆಯ ತಗಡು, ಮೇಲೆ ಹಿಡಿದುಕೊಳ್ಳಲು ಕಂಬಿ. ಚಕ್ರಕ್ಕೂ ನೆಲಕ್ಕೂ ನಡುವಿನ ಸಂದಿ ಯಜಮಾನರ ನಿದ್ದೆ ಕೆಡಿಸಿತ್ತು. ಒಂದನೇ ತರಗತಿಯ ಅತಿ ಸಣ್ಣ ಮಗುವೊಂದನ್ನು ಕರೆದು ಅದರ ಕಿರುಬೆರಳು ತೋರಿಸು ಎಂದು ಕೇಳಿ, ಆ ಬೆರಳು ಎಲ್ಲೂ ಹೋಗದ ಹಾಗೆ ಹಳೇ ಟೈರಿನ ರಬ್ಬರು ಕತ್ತರಿಸಿ ಸುತ್ತಲೂ ಪಟ್ಟಿ ಕೂರಿಸಿದರು.

ಉದ್ಘಾಟನೆ ಎಂದು ಏನೂ ಇಟ್ಟುಕೊಳ್ಳಲಿಲ್ಲ. ಫೋಟೋ ಬೇಡ, ವೃತ್ತದಲ್ಲಿ ನಿಲ್ಲುವುದು ಬೇಡ ಎಂದು ಮೊದಲೇ ಕೇಳಿಕೊಂಡಿದ್ದೆ. ಬಿಡುವಿನ ಗಂಟೆ ಹೊಡೆದದ್ದೇ ಮಕ್ಕಳು ಚಕ್ರಕ್ಕೆ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಹುಡುಗಿಯ ಕುರ್ಚಿಯೂ ಒಂದಾಗಿ ಹೋಯಿತು. ಯಾರೂ ಅವಳಿಗೆ ದಾರಿ ಬಿಡಲಿಲ್ಲ. “ಏಯ್, ನಿನ್ ಗಾಲಿ ನನ್ ಕಾಲ್ ಮೇಲೆ,” ಎಂದು ಒಬ್ಬಳು ಬೈದಳು. ಇವಳೂ ತಿರುಗಿ ಬೈದಳು. ಚಕ್ರ ತಿರುಗಿತು. ಯಾರ ಕೂಗು ಯಾರದೆಂದು ತಿಳಿಯದಷ್ಟು ಗದ್ದಲ. ನಾನು ಜಗಲಿಯ ಕಂಬಕ್ಕೆ ಒರಗಿ ನಿಂತೆ. ಅವಳು ಎಲ್ಲಿದ್ದಾಳೆ ಎಂದು ಹುಡುಕಬೇಕಾಯಿತು. ಅದೇ ನನಗೆ ಸಂತೋಷ ಕೊಟ್ಟಿತು.

ನಾಲ್ಕನೇ ದಿನ ಅವಳು ಬಿದ್ದಳು.

ನಾನು ಅಲ್ಲೇ ಇದ್ದೆ. ಮಕ್ಕಳು ಓಡುತ್ತ ತಳ್ಳಿ ವೇಗ ಏರಿಸಿದ್ದರು. ಕುರ್ಚಿಯ ಒಂದು ಬ್ರೇಕು ಸಡಿಲವಾಯಿತು. ಕುರ್ಚಿ ಅರ್ಧ ತಿರುಗಿ, ಚಕ್ರದ ಅಂಚಿಗೆ ಬಂದು, ಹೊರಗಿನ ಮೊರಂ ಮೇಲೆ ಮಗುಚಿತು. ನಾನು ಓಡಿದೆ. ಮಗುವಿಗೆ ಏನಾಯಿತೋ ಎಂಬ ಭಯದ ಜೊತೆಗೇ, ನನ್ನ ಕೆಲಸಕ್ಕೆ ಏನಾಗುತ್ತದೋ ಎಂಬ ಭಯವೂ ಬಂದಿತ್ತು. ಎರಡೂ ಒಟ್ಟೊಟ್ಟಿಗೇ ಬಂದವು, ಸುಳ್ಳು ಹೇಳಬಾರದು.

ಮಕ್ಕಳು ನನಗಿಂತ ಮೊದಲು ಅವಳನ್ನು ಎತ್ತಿ ಕೂರಿಸಿದ್ದರು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಒಬ್ಬಳು ಬೇಲಿಯಿಂದ, ಗಾಯಕ್ಕೆ ಹಚ್ಚುವ ಕಮ್ಯುನಿಸ್ಟ್ ಗಿಡದ ಎಲೆ ಕಿತ್ತು ತಂದು ಅಂಗೈಯಲ್ಲಿ ಉಜ್ಜಿ ರಸ ಹಿಂಡುತ್ತಿದ್ದಳು. ಹುಡುಗಿ ಹಲ್ಲು ಕಚ್ಚಿಕೊಂಡಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು.

“ಯಾರಿಗೂ ಬಯ್ಬ್ಯಾಡಿ ಮೇಡಂ. ಜೋರು ತಿರುಗ್ಸಿ ಅಂದಿದ್ದು ನಾನೇ,” ಅಂದಳು. ಆಮೇಲೆ ದನಿ ತಗ್ಗಿಸಿ, “ಅಜ್ಜಿಗೆ ಹೇಳದ್ ಬ್ಯಾಡ.”

ಸಂಜೆ ಅಜ್ಜಿ ಬಂದಾಗ ನಾನೇ ಮುಂದೆ ನಿಂತು ಹೇಳಿದೆ. ಅಜ್ಜಿ ಮೊಮ್ಮಗಳ ತೋಳು ಎತ್ತಿ, ಬಿಸಿಲಿಗೆ ಹಿಡಿದು ಗಾಯವನ್ನು ಸರಿಯಾಗಿ ನೋಡಿದರು. ತಲೆಗೆ ಪೆಟ್ಟಾಯ್ತಾ, ವಾಂತಿ ಆಯ್ತಾ ಎಂದು ಕೇಳಿದರು. ಇಲ್ಲ ಎಂದ ಮೇಲೆ ಕುರ್ಚಿ ತಳ್ಳಿಕೊಂಡು ಹೊರಟರು. ನನಗೆ ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ನಾನೂ ತುಸು ಹಿಂದೆ ಅದೇ ರಸ್ತೆಯಲ್ಲಿ ನಡೆಯುತ್ತಿದ್ದೆ. ಒಂದು ಮನೆಯ ಮುಂದೆ ಅಕ್ಕಿ ಆರಿಸುತ್ತ ಕೂತಿದ್ದ ಹೆಂಗಸು ಏನಾಯ್ತು ಎಂದು ಕೇಳಿದಳು.

“ಎಂತ ಇಲ್ಲ ಮಾರಾಯ್ತಿ. ಸಾಲಿಯಾಗೆ ಆಟ ಆಡಿ ಬಿದ್ಕಂಡು ಬಂದಾಳೆ. ಹೇಳಿದ್ ಮಾತು ಕೇಳಲ್ಲ,” ಎಂದರು ಅಜ್ಜಿ. ಮುಂದಿನ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅಲ್ಲಿಯೂ ನಿಂತು ಹೇಳಿದರು. ಆ ಊರಿನ ಎಲ್ಲ ತಾಯಂದಿರೂ ಎಲ್ಲ ಸಂಜೆಯೂ ಹೇಳುವ ದೂರು ಅದು. ಒಂಬತ್ತು ವರ್ಷದಲ್ಲಿ ಅವರಿಗೆ ಹಾಗೆ ದೂರುವ ಸಂದರ್ಭ ಬಂದದ್ದು ಅದೇ ಮೊದಲು.

ವಿಷಯ ಮೇಲಿನವರ ತನಕವೂ ಹೋಯಿತು. “ಅದನ್ನ ಬಂದ್ ಮಾಡ್ಸಿ, ನಾಳೆ ಏನಾದ್ರೂ ಆದ್ರೆ ಯಾರು ಉತ್ತರ ಕೊಡ್ತಾರೆ?” ಎಂದು ನನ್ನ ಅಧಿಕಾರಿ ಫೋನು ಮಾಡಿದರು. ಅವರದ್ದೂ ತಪ್ಪೆನ್ನಲಾರೆ. ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿಸಿದೆ. ಎರಡು ವಾರ ಅದು ಹಾಗೇ ಬಿದ್ದಿತ್ತು. ಮಕ್ಕಳು ಅದರ ಮೇಲೆ ಕೂತು ಸುಮ್ಮನೆ ಮಾತಾಡುತ್ತಿದ್ದರು.

ಶಾಲಾ ಸಮಿತಿಯ ಸಭೆ ಕರೆದರು. ಕೆಲವರು ಚಕ್ರವನ್ನು ಕಿತ್ತು ಹಾಕಿಸಿ ಎಂದರು. ಇನ್ನು ಕೆಲವರು, ಬೇರೆ ಮಕ್ಕಳಿಗೆ ಇರಲಿ, ಅವಳನ್ನು ಮಾತ್ರ ಹತ್ತಿಸಬೇಡಿ ಎಂದರು. ಅಜ್ಜಿ ಬಾಗಿಲ ಹತ್ತಿರ ಕೂತಿದ್ದವರು ಎದ್ದು ನಿಂತರು.

“ಹೋದ್ವರ್ಷ ಜಾರುಬಂಡಿಯಿಂದ ಬಿದ್ದು ಒಂದು ಹುಡುಗನ ಕೈ ಮುರೀತಲ್ಲ,” ಎಂದರು. “ಜಾರುಬಂಡಿ ಕಿತ್ರಾ? ಆ ಹುಡುಗನ್ನ ಆಡಬ್ಯಾಡ ಅಂದ್ರಾ? ನನ್ ಮೊಮ್ಮಗಳದ್ದು ಬರೀ ತರಚಿದ್ದು.”

ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ವೆಲ್ಡಿಂಗ್ ಯಜಮಾನರು ಕೆಮ್ಮಿದರು. ಅವರನ್ನು ಯಾರೂ ಕರೆದಿರಲಿಲ್ಲ, ಅಂಗಡಿ ಮುಚ್ಚಿ ತಾವೇ ಬಂದಿದ್ದರು. “ತಪ್ಪು ನಂದೈತ್ರೀ. ಕುರ್ಚಿ ಬ್ರೇಕ್ ಮ್ಯಾಲೆ ಭರವಸೆ ಇಡಬಾರದಿತ್ತು. ನಾಕು ದಿನ ಕೊಡ್ರಿ, ಸರಿ ಮಾಡಿಕೊಡ್ತೀನಿ,” ಎಂದರು.

ನಾನು ಅಧಿಕಾರಿಗೆ ವರದಿ ಬರೆದೆ. ಹೇಗೆ ಬಿದ್ದಳು, ಯಾಕೆ ಬಿದ್ದಳು, ನಾನು ಯಾವುದನ್ನು ಯೋಚಿಸಿರಲಿಲ್ಲ, ಈಗ ಏನು ಮಾಡುತ್ತೇವೆ, ಎಲ್ಲ. ಈ ಸಲ ಅವರು ಒಂದು ಪದವನ್ನೂ ತಿದ್ದದೆ ಸಹಿ ಮಾಡಿದರು. ಯಜಮಾನರು ತಟ್ಟೆಗೆ ಎರಡು ಕೊಕ್ಕೆ, ಒಂದು ದಪ್ಪ ಬೆಲ್ಟು ಜೋಡಿಸಿದರು. ಅಡಿಯಲ್ಲಿ ಹಳೆ ಬ್ರೇಕ್ ಲೈನರಿನ ತುಂಡುಗಳನ್ನು ಸ್ಪ್ರಿಂಗಿನ ಮೇಲೆ ಕೂರಿಸಿ, ಎಷ್ಟು ತಳ್ಳಿದರೂ ಒಂದು ಮಿತಿ ದಾಟದ ಹಾಗೆ ಮಾಡಿದರು. ಬೀಗ ತೆಗೆದೆವು.

ಹುಡುಗಿ ಒಂದು ಸುತ್ತು ಹಾಕಿ ಬಂದು ಮುಖ ಗಂಟಿಕ್ಕಿದಳು. “ಮೊದಲ್ನೇದೇ ಚೆನ್ನಾಗಿತ್ತು. ಈಗ ಎಮ್ಮೆ ನಡದಂಗೆ ನಡೀತದೆ,” ಅಂದಳು. ಯಜಮಾನರ ಮೇಲೆ ಅವಳ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ಅವಳೀಗ ಸೊರಬದ ಹೈಸ್ಕೂಲಿನಲ್ಲಿದ್ದಾಳೆ. ಬ್ಯಾಟರಿಯ ಕುರ್ಚಿ ಬಂದಿದೆ. ಅಜ್ಜಿಗೆ ಮೊದಲಿನಂತೆ ಆಗುವುದಿಲ್ಲ, ಆದರೂ ಗೇಟಿನ ತನಕ ಜೊತೆಗೆ ಹೋಗುತ್ತಾರಂತೆ. ಆ ಹಳೆಯ ಶಾಲೆಯಲ್ಲಿ ಈಗ ಗಾಲಿಕುರ್ಚಿಯ ಮಗು ಯಾವುದೂ ಇಲ್ಲ. ಚಕ್ರ ಮಾತ್ರ ಬಿಡುವಿಲ್ಲದೆ ತಿರುಗುತ್ತದೆ. ತಾಯಂದಿರ ಸಭೆಯ ದಿನ ಮಂಡಿನೋವಿನ ಒಬ್ಬ ಹಿರಿಯರು ಮೊಮ್ಮಗನ ಜೊತೆ ಅದರ ಮೇಲೆ ನಿಂತು ಒಂದು ಸುತ್ತು ಹಾಕಿದ್ದನ್ನು ನಾನು ನೋಡಿದ್ದೇನೆ.

ಕಳೆದ ತಿಂಗಳು ತೊಗರ್ಸಿ ಕಡೆಯ ಒಂದು ಶಾಲೆಯಿಂದ ಕರೆ ಬಂತು. ಅಲ್ಲಿ ಕಣ್ಣು ಕಾಣದ ಇಬ್ಬರು ಅಕ್ಕತಂಗಿಯರಿದ್ದಾರೆ, ಮೈದಾನಕ್ಕೊಂದು ನಕ್ಷೆ ಬರೆದುಕೊಡಿ ಎಂದು. ಹೋದೆ. ಟೇಪನ್ನೂ ಕಾಗದವನ್ನೂ ಮೇಷ್ಟರ ಮೇಜಿನ ಮೇಲೆಯೇ ಬಿಟ್ಟು, “ನಿಮ್ಮ ಮೈದಾನ ನನಗೆ ತೋರಿಸ್ತೀರಾ?” ಎಂದು ಆ ಮಕ್ಕಳನ್ನು ಕೇಳಿದೆ. ದೊಡ್ಡವಳು ತಂಗಿಯ ಕೈ ಹಿಡಿದು ಮುಂದೆ ನಡೆದಳು. ಬೇವಿನ ಮರದ ನೆರಳು ಎಲ್ಲಿ ತಂಪಾಗಿ ಶುರುವಾಗುತ್ತದೆ, ನಲ್ಲಿಯ ಸದ್ದು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ಒಮ್ಮೆ ಎಡವಿ ಬಿದ್ದಿದ್ದರು, ಎಲ್ಲ ತೋರಿಸುತ್ತ ಹೋದರು. ಮೂಲೆಯೊಂದರಲ್ಲಿ ಚಿಕ್ಕವಳು ತಟ್ಟನೆ ನಿಂತು, “ಇಲ್ಲಿಂದ ಮುಂದ ನಾವು ಯಾವತ್ತೂ ಹೋಗಿಲ್ರೀ,” ಎಂದಳು.

“ಹೋಗೋಣವಾ?” ಎಂದೆ.

ಇಬ್ಬರೂ ನನ್ನ ಒಂದೊಂದು ಕೈ ಹಿಡಿದುಕೊಂಡರು.